ಬೋರಲು ಗ್ಲಾಸಿನ ಹೆಡ್ ಮಾಸ್ತರು

ಅವರ ಮೀಸೆ ದಪ್ಪನೆಯದು, ಕರಿಯದು, ಎರಡೂ ತುದಿ ತುಸು ಕೆಳಕ್ಕೆ ಬಾಗಿದ್ದು. ದಿನಾ ಮುಂಜಾನೆ ಹನ್ನೊಂದರ ಸುಮಾರಿಗೆ ಅದರ ಕೆಳಗಿನ ಅಂಚಿಗೆ ಹಾಲಿನ ಒಂದು ಬಿಳಿ ಗೆರೆ ಮೂಡುತ್ತಿತ್ತು. ಒಣಗಿದ ಮೇಲೆ ಅದು ಹಳೇ ಗೋಡೆಯ ಸುಣ್ಣದಂತೆ ಚಕ್ಕೆ ಎದ್ದು, ಅವರು ಮಾತಾಡುವಾಗ ಸಣ್ಣಗೆ ಉದುರುತ್ತಿತ್ತು. ಒರೆಸಿಕೊಳ್ಳಿ ಎಂದು ನಾವು ಟೀಚರುಗಳು ಯಾರೂ ಹೇಳುತ್ತಿರಲಿಲ್ಲ. ಹುಡುಗಿಯರು ಹೇಳುವ ಮಾತೇ ಇಲ್ಲ. ಸಂಜೆ ಕಮಲಾಪುರದಿಂದ ಕಲಬುರಗಿಗೆ ಮರಳುವ ಬಸ್ಸಿನಲ್ಲೂ ಅದರ ಗುರುತು ಉಳಿದಿರುತ್ತಿತ್ತು. ಕಂಡಕ್ಟರ್ ಟಿಕೆಟ್ ಹರಿಯುತ್ತ ಅದನ್ನೇ ನೋಡುತ್ತಿದ್ದ. ಅವರು ಅದನ್ನು ತಮ್ಮ ಗಾಂಭೀರ್ಯಕ್ಕೆ ಸಲ್ಲುವ ಗೌರವ ಎಂದುಕೊಂಡು ಇನ್ನಷ್ಟು ನೆಟ್ಟಗೆ ಕೂಡುತ್ತಿದ್ದರು.

ನಾನು ನೌಕರಿಗೆ ಸೇರಿದ ಮೊದಲ ಶಾಲೆಯ ಹೆಡ್ ಮಾಸ್ತರು ಅವರು. ಎಂಬತ್ತರ ದಶಕದ ಕೊನೆಯ ವರ್ಷಗಳು. ಕಮಲಾಪುರದ ಒಂದು ಹೆಣ್ಣುಮಕ್ಕಳ ಶಾಲೆ. ಅವರದೂ ನನ್ನದೂ ಮನೆ ಕಲಬುರಗಿಯ ಶಹಾಬಜಾರದಲ್ಲಿ, ನಡುವೆ ಎರಡು ಓಣಿಯಷ್ಟೇ. ಹಾಗಾಗಿ ಹೋಗುವ ಬಸ್ಸೂ ಒಂದೇ, ಬರುವ ಬಸ್ಸೂ ಒಂದೇ. ಮನುಷ್ಯನನ್ನು ಅರಿಯಲು ಅವನೊಂದಿಗೆ ಬಸ್ಸಿನಲ್ಲಿ ಓಡಾಡಿದರೆ ಸಾಕು. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಇವರು ಕಿಟಕಿಯೊಳಗಿಂದ ಕರವಸ್ತ್ರ ಒಗೆದು ಸೀಟು ಹಿಡಿಯುತ್ತಿದ್ದರು. ಆಮೇಲೆ ಎಲ್ಲರನ್ನೂ ದಬ್ಬಿಕೊಂಡು ಹತ್ತಿ ಅದರ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದರು. ಬಸಿರಿ ಹೆಂಗಸು ಎದುರಿಗೆ ಬಂದು ನಿಂತರೆ ಅವರ ನಿದ್ದೆ ಇನ್ನೂ ಗಾಢವಾಗುತ್ತಿತ್ತು. ಕಮಲಾಪುರ ಬಂತೆಂದರೆ ಮಾತ್ರ ಯಾರೂ ಎಬ್ಬಿಸದೆ ಎಚ್ಚರ. ಶಾಲೆಯ ಗೇಟು ದಾಟಿದ ಮೇಲೆ ಇದೇ ಮನುಷ್ಯ ಹುಡುಗಿಯರಿಗೆ ಹೇಳುವ ಮೊದಲ ಮಾತು: "ಸರತಿ ಬಿಟ್ಟು ಯಾರೂ ಬರಬಾರದು. ನಿಯಮ ಅಂದ್ರ ನಿಯಮ."

ಒಂದು ಮಾತು ಮುಚ್ಚಿಡಲಾರೆ. ಲೆಕ್ಕ ಕಲಿಸುವುದರಲ್ಲಿ ಅವರು ಗಟ್ಟಿ. ಭಿನ್ನರಾಶಿ ಎಂದರೆ ಬೇರೆ ಶಾಲೆಗಳಲ್ಲಿ ಮಕ್ಕಳು ಅಳುತ್ತಿದ್ದಾಗ ನಮ್ಮ ಹುಡುಗಿಯರು ಬಾಯಲ್ಲೇ ಬಿಡಿಸುತ್ತಿದ್ದರು. ಅವರ ಪರವಾಗಿ ಹೇಳಬಹುದಾದದ್ದು ಇಷ್ಟೇ. ಇಷ್ಟು ವರ್ಷ ಹುಡುಕಿದರೂ ಎರಡನೆಯದು ನನಗೆ ಸಿಕ್ಕಿಲ್ಲ.

ಆ ವರ್ಷಗಳಲ್ಲಿ ನಮ್ಮ ಶಾಲೆಗೆ ಹಾಲಿನ ಪುಡಿಯ ಚೀಲಗಳು ಬರುತ್ತಿದ್ದವು, ಜೊತೆಗೆ ಉಪ್ಪಿಟ್ಟಿಗೆ ರವೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಹೊಟ್ಟೆಗೆ ಏನಾದರೂ ಬೀಳಲಿ ಎಂದು ಮೇಲಿನವರು ಮಾಡಿದ ವ್ಯವಸ್ಥೆ. ನಿಯಮಗಳು ಮೂರೇ. ಪ್ರತಿ ಮಗುವಿಗೆ ಒಂದು ಗ್ಲಾಸು ಹಾಲು ಕೊಡಬೇಕು. ಹಂಚುವ ಮುಂಚೆ ಹೆಡ್ ಮಾಸ್ತರು ರುಚಿ ನೋಡಬೇಕು. ಯಾವ ಮಗುವಿಗಾದರೂ ಹಾಲು ಒಗ್ಗದಿದ್ದರೆ ಡಾಕ್ಟರ ಚೀಟಿಯ ಮೇಲೆ ಅದಕ್ಕೆ ಸಮಾನವಾದ ಬೇರೆ ಪದಾರ್ಥ ಕೊಡಬಹುದು.

ರುಚಿ ನೋಡುವ ನಿಯಮವನ್ನು ಅವರು ಚರಿಗೆಯಲ್ಲಿ ಪಾಲಿಸುತ್ತಿದ್ದರು. ಮಕ್ಕಳಿಗೆ ಸಣ್ಣ ಸ್ಟೀಲಿನ ಗ್ಲಾಸು, ಅವರಿಗೆ ತುಂಬಿದ ಹಿತ್ತಾಳೆಯ ಚರಿಗೆ. ಅದಕ್ಕೆ ಒಂದು ಹಿಡಿ ಸಕ್ಕರೆ, ಜೇಬಿನಿಂದ ತೆಗೆದ ಎರಡು ಏಲಕ್ಕಿ. ಮನೆಯಲ್ಲಿ ಅವರು ಪುಡಿಹಾಲನ್ನು ಮುಟ್ಟುವವರಲ್ಲ. ಗೌಳಿ ದಿನಾ ಎಮ್ಮೆಯನ್ನೇ ಅವರ ಬಾಗಿಲಿಗೆ ತಂದು, ಕಣ್ಣೆದುರು ಕರೆದು ಕೊಡಬೇಕು. ನೀರು ಬೆರೆಸುತ್ತಾನೆಂಬ ಗುಮಾನಿಗೆ ಅವನ ಅಂಗಿಯ ತೋಳು ಮಡಚಿಸಿ ನೋಡುತ್ತಿದ್ದರಂತೆ. ಇದು ನನ್ನ ಅತ್ತೆಯವರು ಹೇಳಿದ್ದು. ಅಂಥವರು ಶಾಲೆಯ ಪುಡಿಹಾಲನ್ನು ಕಣ್ಣು ಮುಚ್ಚಿ ಗಟಗಟ ಕುಡಿದು "ಬರೋಬ್ಬರಿ ಅದ, ಹಂಚ್ರಿ" ಎನ್ನುತ್ತಿದ್ದರು. ಪುಕ್ಕಟೆಯ ಹಾಲಿಗೆ ನೀರು ಎಷ್ಟಿದ್ದರೂ ನಡೆಯುತ್ತದೆ. ಹಾಲು ಎಂಬ ಮಾತೂ ಅವರ ಬಾಯಲ್ಲಿ ಬರುತ್ತಿರಲಿಲ್ಲ, "ಕ್ಷೀರ" ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಅದು ಮೇಲಿನಿಂದ ಬಂದ ಯಾವ ನಿಯಮದಲ್ಲೂ ಇರಲಿಲ್ಲ, ಅವರ ಸ್ವಂತ ಅಡುಗೆ. ವರಾಂಡದಲ್ಲಿ ಸಾಲಾಗಿ ಕೂತ ಹುಡುಗಿಯರು ಹಾಲು ಕುಡಿದು, ಗ್ಲಾಸನ್ನು ಎಡಗೈ ಮೇಲೆ ಬೋರಲು ಹಾಕಿ ತೋರಿಸಬೇಕು. ಒಂದು ಹನಿಯೂ ಬೀಳಬಾರದು. ಅವರು ಬೆತ್ತ ಹಿಡಿದು ಒಂದೊಂದೇ ಅಂಗೈ ನೋಡುತ್ತ ಬರುತ್ತಿದ್ದರು. ಅಂಗೈ ಒಣಗಿದ್ದವಳ ಮುಂದೆ ಉಪ್ಪಿಟ್ಟಿನ ತಾಟು. ಗ್ಲಾಸು ಬೋರಲು ಹಾಕದವಳಿಗೆ ಉಪ್ಪಿಟ್ಟಿಲ್ಲ. ಆ ಹಾಲೋ, ಗಂಟುಗಂಟಾಗಿ, ತಳ ಹತ್ತಿದ ವಾಸನೆಯದು. ಕುಡಿಯಲಾರದವರು ಪಕ್ಕದವಳ ಗ್ಲಾಸಿಗೆ ಸುರಿಯುತ್ತಿದ್ದರು, ಇಲ್ಲವೇ ಅವರು ಬೆನ್ನು ತಿರುಗಿಸಿದಾಗ ವರಾಂಡದ ಹಿಂದಕ್ಕೆ ಚೆಲ್ಲುತ್ತಿದ್ದರು. ಶಾಲೆಯ ಹಿಂದಿನ ನಾಯಿ ಆ ವರ್ಷ ಚೆನ್ನಾಗಿ ಮೈ ತುಂಬಿಕೊಂಡಿತು.

ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಎರಡು ಜಡೆ, ರಿಬ್ಬನ್ನಿನ ಬದಲಿಗೆ ಬಾಳೆಯ ನಾರು ಸುತ್ತಿ ಗಂಟು ಹಾಕಿಕೊಂಡು ಬರುತ್ತಿದ್ದಳು. ತಾಯಿ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಹೊರುವ ಕೂಲಿಗೆ ಹೋಗುವಾಕೆ. ತಂದೆ ಇರಲಿಲ್ಲ. ಹುಡುಗಿ ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವಳಿಗೆ ಹಾಲು ಆಗುತ್ತಿರಲಿಲ್ಲ. ಕುಡಿದ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಹಿಡಿದುಕೊಂಡು ಮಡಚಿ ಕೂಡುತ್ತಿದ್ದಳು, ಆಮೇಲೆ ಬಯಲಿಗೆ ಓಡುತ್ತಿದ್ದಳು. ಶಾಲೆಗೆ ಪಾಯಿಖಾನೆ ಎಂಬುದೇ ಇರಲಿಲ್ಲ. ಹಿಂದಿನ ಜಾಲಿ ಪೊದೆಗಳೇ ಗತಿ. ಓಡಿ ಹೋಗುವ ಅವಳನ್ನು ನೋಡಿ ಉಳಿದವರು ನಗುತ್ತಿದ್ದರು. ಆದರೂ ಕುಡಿಯುತ್ತಿದ್ದಳು, ಯಾಕೆಂದರೆ ಉಪ್ಪಿಟ್ಟು ಬೇಕಿತ್ತು. ಮುಂಜಾನೆ ಅವಳ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಒಂದು ದಿನ ಗ್ಲಾಸು ಅರ್ಧಕ್ಕೆ ಬಂದಾಗ ಅವಳು ಎದ್ದಳು. ಹೆಡ್ ಮಾಸ್ತರು ರಟ್ಟೆ ಹಿಡಿದು ನಿಲ್ಲಿಸಿ, ಮೊದಲು ಕುಡಿದು ಡಬ್ಬ ಹಾಕು, ಅಂದರೆ ಬೋರಲು ಮಾಡಿ ತೋರಿಸು ಎಂದರು. ಕುಡಿದಳು. ಅಂಗೈ ಮೇಲೆ ಗ್ಲಾಸು ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ. ಅವರು ತಲೆಯಾಡಿಸುವಷ್ಟರಲ್ಲಿ ಕುಡಿದದ್ದೆಲ್ಲ ಅವರ ಪಾಲಿಶ್ ಮಾಡಿದ ಬೂಟಿನ ಮೇಲೆ ಬಂತು. ಅವಳ ಮುಖ ಬಿಳಿಚಿಕೊಂಡಿತ್ತು. ಅವರು ಅವಳಿಗೆ ಒಂದು ಗುಟುಕು ನೀರು ಕೊಡಿಸಲಿಲ್ಲ. ನಳದ ಹತ್ತಿರ ಕರೆದೊಯ್ದು ಅವಳಿಂದಲೇ ಬೂಟು ತೊಳೆಸಿದರು. ತೊಳೆದು ಒಣಗುವವರೆಗೆ, ಬಸ್ಸಿನ ಸೀಟು ಹಿಡಿಯುವ ಅದೇ ಕರವಸ್ತ್ರವನ್ನು ನೆಲಕ್ಕೆ ಹಾಸಿ ಅದರ ಮೇಲೆ ಬರಿಗಾಲಲ್ಲಿ ನಿಂತಿದ್ದರು, ಯಾರೋ ತಮಗೆ ದೊಡ್ಡ ಅನ್ಯಾಯ ಮಾಡಿದ ಹಾಗೆ ಮುಖ ಮಾಡಿಕೊಂಡು.

ಮರುದಿನ ತಾಯಿ ಬಂದಳು. ತೋಟದಿಂದ ನೇರ ಬಂದಿದ್ದಳು. ಸೀರೆಯ ತುಂಬ ಬಾಳೆಯ ಸೊನೆಯ ಕಪ್ಪು ಕಲೆ. ಆಫೀಸಿನ ಹೊಸ್ತಿಲಲ್ಲಿ ನಿಂತು, ಹುಡುಗಿ ಸಣ್ಣವಳಿದ್ದಾಗಿನಿಂದ ಹೀಗೇ, ಹಾಲು ಬೇಡ, ಬರೀ ಉಪ್ಪಿಟ್ಟು ಹಾಕಿರಿ ಎಂದು ಕೇಳಿಕೊಂಡಳು.

"ಕ್ಷೀರ ಅಂದ್ರ ಅಮೃತ ಇದ್ದಂಗ," ಅಂದರು ಹೆಡ್ ಮಾಸ್ತರು. "ಅಮೃತ ಕುಡದು ಹೊಟ್ಟಿ ಕೆಟ್ಟವರನ್ನ ಎಲ್ಯಾರ ನೋಡೀ ಏನು?"

"ಅಮೃತ ದೇವರು ಕುಡೀತಾರ್ರಿ ಸರ. ದೇವರಿಗಿ ಬಯಲಕಡಿಗಿ ಹೋಗೋದು ಇರಂಗಿಲ್ಲ. ನಮ್ಮ ಪೋರಿಗಿ ಅದ."

ನಾನು ಹಾಜರಿ ಪುಸ್ತಕದ ಮೇಲೆ ಬಗ್ಗಿಕೊಂಡೆ. ಹೊರಗೆ ಉಪ್ಪಿಟ್ಟಿನ ರವೆ ಜರಡಿ ಹಿಡಿಯುತ್ತಿದ್ದ ಶಾಲೆಯ ಆಯಾ ಕೆಮ್ಮಿದ ಹಾಗೆ ಮಾಡಿದಳು. ಅವರು ನಗಲಿಲ್ಲ. ನಗುವ ಮಾತು ಬಂದಾಗ ಅವರಿಗೆ ನಿಯಮ ನೆನಪಾಗುತ್ತಿತ್ತು. ಡಾಕ್ಟರ ಚೀಟಿ ತಂದರೆ ನೋಡೋಣ ಎಂದರು. ಕಮಲಾಪುರದ ದವಾಖಾನೆಯದು ನಡೆಯುವುದಿಲ್ಲ, ಅದಕ್ಕೆ ತೂಕವಿಲ್ಲ, ಕಲಬುರಗಿಯ ದೊಡ್ಡ ದವಾಖಾನೆಯದೇ ಬೇಕು. ಇದೂ ಎಲ್ಲಿಯೂ ಬರೆದಿರಲಿಲ್ಲ. ಕೂಲಿಯ ಹೆಂಗಸನ್ನು ಒಂದು ದಿನ ಬಸ್ಸು ಹತ್ತಿಸಿ ಅಲೆಸಿದರೆ ತಮ್ಮ ತೂಕ ಹೆಚ್ಚುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಾನು ಒಂದು ದಿನ ರಜೆ ಹಾಕಿ ತಾಯಿ ಮಗಳನ್ನು ಕರೆದುಕೊಂಡು ಹೋದೆ. ದವಾಖಾನೆಯ ಸಾಲು ಮಧ್ಯಾಹ್ನದವರೆಗೂ ಕರಗಲಿಲ್ಲ. ನಮ್ಮ ಪಾಳಿ ಬಂದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹುಡುಗಿಯ ಹೊಟ್ಟೆ ಒತ್ತಿ ನೋಡಿ, ಎರಡು ಪ್ರಶ್ನೆ ಕೇಳಿ, ಹಾಲು ಕುಡಿದರೆ ತ್ರಾಸ ಆಗುವುದಾದರೆ ಕುಡಿಸಬೇಡಿ, ಇಷ್ಟು ಹೇಳಿಸಿಕೊಳ್ಳಲಿಕ್ಕೆ ಕಮಲಾಪುರದಿಂದ ಬಂದಿರಾ ಎಂದು ನನ್ನ ಮುಖ ನೋಡಿದಳು. ನಾನು ಚೀಟಿ ಬೇಕು ಎಂದೆ. ಬರೆದು ಕೊಟ್ಟಳು. ಸೂಪರ್ ಮಾರ್ಕೆಟ್ಟಿನ ಹತ್ತಿರ ಮೂವರೂ ಚುರುಮುರಿಯ ಸೂಸಲಾ, ಮಿರ್ಚಿ ತಿಂದೆವು. ಹುಡುಗಿ ಆಟೋಗಳ ಗದ್ದಲ ನೋಡುತ್ತ, ಇಷ್ಟೆಲ್ಲ ಮಂದಿಗೂ ಹಾಲು ಆಗುತ್ತದೇನು ಎಂದು ಕೇಳಿದಳು. ತಾಯಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಸಂಚಿಯಲ್ಲಿಟ್ಟು, ಊರು ಮುಟ್ಟುವವರೆಗೆ ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ಹೆಡ್ ಮಾಸ್ತರು ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. "ಹಾಲು ಕೊಡಬಾರದು ಅಂತ ಬರದಾರ. ಬರೋಬ್ಬರಿ. ಹಾಲಿನ ಬದಲಿ ಏನು ಕೊಡಬೇಕು ಅಂತ ಬರದಿಲ್ಲಲ್ಲ?"

ಅದನ್ನು ನಾವೇ ತೀರ್ಮಾನಿಸಬಹುದು, ಸಮಾನವಾದ ಪದಾರ್ಥ ಎಂದಿದೆ ಎಂದೆ ನಾನು. ಊರ ತುಂಬ ಬಾಳೆ ಇದೆ, ದಿನಾ ಒಂದು ಹಣ್ಣು ಕೊಡೋಣ, ಬೇಕಾದರೆ ತಾಯಿಯೇ ತೋಟದಿಂದ ತರುತ್ತಾಳೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಾಳಿಹಣ್ಣು ಹ್ಯಾಂಗ ಡಬ್ಬ ಹಾಕಿಸ್ತೀರಿ, ಟೀಚರ್?"

ಚೇಷ್ಟೆಗೆ ಅಂದದ್ದಲ್ಲ. ಅವರಿಗೆ ಚೇಷ್ಟೆ ಬರುತ್ತಿರಲಿಲ್ಲ. ಶೇಂಗಾ ಉಂಡೆ ಎಂದೆ. ಅದಕ್ಕೂ ಅದೇ ಪ್ರಶ್ನೆ. ಹಾಲಿಗೆ ಸಮಾನ ಎಂದರೆ ಹಾಲಿನ ಹಾಗೆಯೇ ಇರಬೇಕು, ಗ್ಲಾಸಿನಲ್ಲಿ ಇರಬೇಕು, ಬೆಳ್ಳಗೆ ಇರಬೇಕು ಎಂದು ನನಗೆ ಪಾಠ ಹೇಳಿದರು. ಭಿನ್ನರಾಶಿಯ ಮಾಸ್ತರಿಗೆ ಸಮಾನ ಎಂಬುದರ ಅರ್ಥ ಇಷ್ಟಾಗಿತ್ತು.

ಹೀಗೆ ಚೀಟಿ ಬಂದ ಮೇಲೆ ಹುಡುಗಿಯ ಪಾಡು ಮೊದಲಿಗಿಂತ ಕೆಟ್ಟಿತು. ಮೊದಲಾದರೆ ಸಂಕಟಪಟ್ಟು ಕುಡಿದು ಉಪ್ಪಿಟ್ಟು ಗೆಲ್ಲಬಹುದಿತ್ತು. ಈಗ ಡಾಕ್ಟರು ಬೇಡ ಎಂದಿದ್ದಾರೆ, ಹಾಲು ಇಲ್ಲ. ಹಾಲಿಲ್ಲ ಎಂದರೆ ಗ್ಲಾಸಿಲ್ಲ, ಗ್ಲಾಸಿಲ್ಲ ಎಂದರೆ ಬೋರಲು ಹಾಕುವುದಿಲ್ಲ, ಆದ್ದರಿಂದ ಉಪ್ಪಿಟ್ಟೂ ಇಲ್ಲ. ಉಳಿದವರು ಉಣ್ಣುವಾಗ ಅವಳು ಬೇವಿನ ಮರದ ಕೆಳಗೆ ಕೂಡುತ್ತಿದ್ದಳು. ನಾನು ನನ್ನ ಡಬ್ಬಿಯ ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಬ್ಯಾಡ್ರಿ ಟೀಚರ್. ನಂದು ಉಪ್ಪಿಟ್ಟು ಅಲ್ಲಿ ಬೋಗಾಣ್ಯಾಗ ಅದ," ಅಂದಳು, ವರಾಂಡದ ದೊಡ್ಡ ಪಾತ್ರೆಯ ಕಡೆ ನೋಡುತ್ತ.

ಆ ಮಾತನ್ನು ನಾನು ಒಯ್ದು ಹೆಡ್ ಮಾಸ್ತರಿಗೆ ಮುಟ್ಟಿಸಿದೆ. ಹುಡುಗಿಗೆ ಸೊಕ್ಕು ಜಾಸ್ತಿ ಎಂದು ಅವರು ಎರಡನೆಯ ತಾಟು ಉಪ್ಪಿಟ್ಟು ಹಾಕಿಸಿಕೊಂಡರು.

ಒಂದು ವಾರ ಹಾಗೆ ಕೂತಳು. ಆಮೇಲೆ ಬರಲಿಲ್ಲ. ನಾನು ಸಂಜೆ ಬಸ್ಸು ತಪ್ಪಿಸಿಕೊಂಡು ತೋಟಕ್ಕೆ ಹೋದೆ. ಹುಡುಗಿ ಬಾಳೆಯ ಒಣ ಎಲೆ ಬಳಿದು ಒಟ್ಟುತ್ತಿದ್ದಳು. ತಾಯಿ ಕೆಲಸ ನಿಲ್ಲಿಸದೆ ಹೇಳಿದಳು: "ಸಾಲ್ಯಾಗ ಉಪಾಸ ಕುಂತು ಅಕ್ಷರ ಕಲಿಯೋದಕಿಂತ ಇಲ್ಲಿ ನನ್ನ ಸಂಗಾಟ ಇರ್ಲಿ ರೀ. ಹೊಟ್ಟಿಗರ ಆಗ್ತದ." ತೋಟಕ್ಕೆ ಇಳಿದ ಹುಡುಗಿ ಮರಳಿ ಶಾಲೆಗೆ ಹತ್ತುವುದಿಲ್ಲ, ಅದನ್ನು ಆ ಊರಿನಲ್ಲಿ ಅಷ್ಟರಲ್ಲೇ ಕಂಡಿದ್ದೆ. ಒಂದು ತಾಟು ಉಪ್ಪಿಟ್ಟಿಗೆ ಅವಳ ಓದು ಅಲ್ಲಿಗೆ ಮುಗಿಯುವುದರಲ್ಲಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ಹಾಲಿನ ವ್ಯವಸ್ಥೆ ನೋಡಲು ಕಲಬುರಗಿಯಿಂದ ಸಾಹೇಬರು ಬರುತ್ತಾರೆ ಎಂದು. ಹೆಡ್ ಮಾಸ್ತರು ತಯಾರಿಗೆ ಬಿದ್ದರು. ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು. ಹಾಜರಿ ಪುಸ್ತಕದಲ್ಲಿ ಹೆಸರು ಎಷ್ಟಿವೆಯೋ ಅಷ್ಟೂ ಹುಡುಗಿಯರು ಸಾಲಿನಲ್ಲಿ ಕಾಣಬೇಕು, ಅಷ್ಟೂ ಗ್ಲಾಸು ಬೋರಲಾಗಬೇಕು. ಒಂದು ಕಡಿಮೆ ಬೀಳುತ್ತಿತ್ತು. ಆ ಒಂದನ್ನು ಕರೆತರಲು ಆಯಾಳನ್ನು ತೋಟಕ್ಕೆ ಅಟ್ಟಿದರು. ಬಡವರ ಮಗಳು ಉಪವಾಸ ಕೂತಾಗ ಕಾಣದ ಕಣ್ಣಿಗೆ ಸಾಲಿನ ಖಾಲಿ ಜಾಗ ತಟ್ಟನೆ ಕಂಡಿತು. ಆಯಾ ಮರಳಿ ಬಂದು ತಾಯಿಯ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದಳು: ಈಗ ಬೇಕಾದಳೇನು ನಮ್ಮ ಪೋರಿ, ಉಪ್ಪಿಟ್ಟು ಹಾಕುತ್ತೇನೆ ಎಂದರೆ ಬರುತ್ತಾಳೆ, ಇಲ್ಲದಿದ್ದರೆ ನಿಮ್ಮ ಸರಗೇ ಜಡೆ ಹಾಕಿ ಕೂಡಿಸು.

ಹಾಕುತ್ತೇನೆ ಎಂದು ಒಪ್ಪಿಕೊಂಡರು. ಉಳಿದದ್ದು ಗ್ಲಾಸಿನ ಪ್ರಶ್ನೆ. ಹಾಲು ಕುಡಿಸಿದರೆ ಸಾಹೇಬರ ಬೂಟಿಗೂ ತಮ್ಮ ಬೂಟಿನ ಗತಿಯೇ ಆದೀತು. ಖಾಲಿ ಬಿಟ್ಟರೆ ಸಾಲು ಕೆಡುತ್ತದೆ. ಇಡೀ ಮಧ್ಯಾಹ್ನ ಹಿಂದಕ್ಕೆ ಕೈ ಕಟ್ಟಿ ವರಾಂಡದಲ್ಲಿ ಓಡಾಡಿ, ಕೊನೆಗೆ ಆಯಾಳನ್ನು ಕರೆದರು.

"ಆ ಪೋರಿ ಗ್ಲಾಸಿಗಿ ಬೆಳ್ಳಗ ಏನರ ಹಾಕು. ಸಾಹೇಬರಿಗಿ ದೂರಿಂದ ಹಾಲಿನಂಗ ಕಂಡ್ರ ಸಾಕು."

"ಸುಣ್ಣದ ನೀರು ಹಾಕಲೇನ್ರಿ ಸರ? ಗ್ವಾಡಿಗಿ ಹಚ್ಚಿದ್ದು ಉಳದದ," ಅಂದಳು ಆಯಾ.

ಅವಳು ಚುಚ್ಚಿದ್ದು. ಅವರು ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡು ಒಂದು ನಿಮಿಷ ವಿಚಾರ ಮಾಡಿದರು. ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ಆಮೇಲೆ "ಬ್ಯಾಡ" ಅಂದರು. ಮನುಷ್ಯರ ಬಗ್ಗೆ ನನಗಿದ್ದ ತಾಳ್ಮೆಯಲ್ಲಿ ಅವರ ಪಾಲಿನದು ಆ ಒಂದು ನಿಮಿಷದಲ್ಲಿ ತೀರಿಹೋಯಿತು.

ಆಯಾ ಮನೆಯಿಂದ ಒಂದು ಹಿಡಿ ಬಿಳಿಜೋಳದ ಹಿಟ್ಟು ತಂದು, ತೆಳ್ಳಗೆ ಅಂಬಲಿ ಕಾಸಿದಳು. ಉಪ್ಪು, ಜೀರಿಗೆ, ಜಜ್ಜಿದ ಎರಡು ಬೆಳ್ಳುಳ್ಳಿ ಎಸಳು. ಗ್ಲಾಸಿಗೆ ಸುರಿದಾಗ ಅದು ನಮ್ಮ ಶಾಲೆಯ ಹಾಲಿಗಿಂತ ಹೆಚ್ಚು ಹಾಲಿನ ಹಾಗೆ ಕಾಣುತ್ತಿತ್ತು.

ಸಾಹೇಬರು ಬಂದಾಗ ಹೊತ್ತು ಮೀರಿತ್ತು. ಕಲಬುರಗಿಯ ಮೋಮಿನಪುರದ ಕಡೆಯವರು, ನಿವೃತ್ತಿಯ ಅಂಚಿನ ವಯಸ್ಸು, ಬಿಳಿ ಗಡ್ಡದ ತುಂಬ ರಸ್ತೆಯ ಧೂಳು. ಹುಡುಗಿಯರು ಹಾಲು ಕುಡಿದು ಒಬ್ಬೊಬ್ಬರಾಗಿ ಗ್ಲಾಸು ಬೋರಲು ಹಾಕಿದರು. ಹೆಡ್ ಮಾಸ್ತರು ಸಾಹೇಬರ ಹಿಂದೆ ಅರ್ಧ ಬಗ್ಗಿ ನಡೆಯುತ್ತಿದ್ದರು. ಬಾಳೆನಾರಿನ ಜಡೆಯವಳು ತನ್ನ ಗ್ಲಾಸನ್ನು ಒಂದೇ ಗುಕ್ಕಿಗೆ ಖಾಲಿ ಮಾಡಿ, ಅಂಗೈ ಮೇಲೆ ಬೋರಲು ಹಾಕಿ ತೋರಿಸಿದಳು. ಸಾಹೇಬರು ಮುಂದೆ ಹೋಗುವಷ್ಟರಲ್ಲಿ ಅವಳು ಗ್ಲಾಸನ್ನು ಮತ್ತೆ ನೆಟ್ಟಗೆ ಮಾಡಿ ಮುಂದೆ ಚಾಚಿದಳು.

"ಆಯಾ, ಇನ್ನೊಂದು ಗ್ಲಾಸ್ ಹಾಕು."

ಆ ವರಾಂಡದಲ್ಲಿ ಎರಡನೆಯ ಗ್ಲಾಸು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸಾಲು ಪೂರಾ ಅವಳ ಕಡೆ ತಿರುಗಿತು. ಸಾಹೇಬರು ನಿಂತರು, ಖುಷಿಯಾಗಿ, ಹಾಲು ಅಷ್ಟು ಛಲೋ ಆಗಿದೆಯೇ ಬೇಟಿ ಎಂದು ಕೇಳಿದರು. ಹೆಡ್ ಮಾಸ್ತರು ನಿಯಮದ ಪ್ರಕಾರ ಒಂದೇ ಗ್ಲಾಸು ಎಂದರು.

"ಇದು ಹಾಲಲ್ಲರಿ," ಅಂದಳು ಹುಡುಗಿ. "ಅಂಬಲಿ. ಹಾಲು ನಂಗ ಆಗಂಗಿಲ್ಲ. ಇದು ಆಗ್ತದ."

ಸಾಹೇಬರು ಕೈ ಚಾಚಿದರು. ಆಯಾ ಒಂದು ಗ್ಲಾಸು ತುಂಬಿಸಿ ಕೊಟ್ಟಳು. ಅವರು ನಿಂತಲ್ಲೇ, ಆತುರವಿಲ್ಲದೆ ಪೂರ್ತಿ ಕುಡಿದರು. ಗಡ್ಡ ಒರೆಸಿಕೊಂಡು, "ವಾಹ್. ಜ್ವಾರಿ ಅಂಬಲಿ. ನಮ್ಮ ಅಮ್ಮಿ ಮಾಡ್ತಿದ್ರು," ಅಂದರು. ಆಮೇಲೆ, ಇದು ಯಾರ ವಿಚಾರ ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಡ್ ಮಾಸ್ತರು ನಡುವೆ ಬಂದು ನಿಂತಿದ್ದರು. "ನಂದೇ ರೀ ಸಾಹೇಬ್ರ. ಕೆಲವು ಮಕ್ಕಳಿಗಿ ಕ್ಷೀರ ಆಗಿ ಬರಂಗಿಲ್ಲ, ಪಾಪ, ಸಣ್ಣ ಹೊಟ್ಟಿ. ದೊಡ್ಡ ದವಾಖಾನಿಯಿಂದ ಚೀಟಿನೂ ತರಿಸೀನಿ." ಎಂದು ಜೇಬಿನಿಂದ ಅದೇ ಚೀಟಿ ತೆಗೆದರು. ಎಲೆಅಡಿಕೆಯ ಸಂಚಿಯ ಕೆಂಪು ಕಲೆ ಅದಕ್ಕೆ ಹತ್ತಿಕೊಂಡೇ ಇತ್ತು. ಇನ್ನೊಂದು ಕೈಯನ್ನು ಹುಡುಗಿಯ ತಲೆಯ ಮೇಲೆ ಇಟ್ಟರು. ಅವಳು ತಲೆ ತಗ್ಗಿಸಿದಳು. ನಾಚಿಕೆಗೆ ಎಂದು ಸಾಹೇಬರು ನಕ್ಕರು. ಆ ಕೈ ಜಾರಿ ಕೆಳಗೆ ಬೀಳಲಿ ಎಂದು ತಗ್ಗಿಸಿದ್ದು.

ಹಾಲು ಒಗ್ಗದವರಿಗೆಲ್ಲ ನಾಳೆಯಿಂದ ಅಂಬಲಿ ಕೊಡಿ, ಇಷ್ಟಕ್ಕೆ ಚೀಟಿ ಗೀಟಿ ಬೇಡ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು. ಮರುದಿನ ಅಂಬಲಿಯ ಸಾಲು ಹಾಲಿನ ಸಾಲಿಗಿಂತ ಉದ್ದವಾಯಿತು. ಹುಡುಗಿ ಶಾಲೆಗೆ ಬಂದಳು, ಉಪ್ಪಿಟ್ಟು ಉಂಡಳು. ಹಿಂದಿನ ನಾಯಿ ಮಾತ್ರ ಸೊರಗಿತು.

ಅಂಬಲಿಯ ಕೀರ್ತಿ ಯಾರಿಗೆ ಹೋಗಬೇಕೋ ಅವರಿಗೆ ಹೋಗಲಿಲ್ಲ ಎಂದು ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಅವರ ನಿದ್ದೆ ಹೋಯಿತು. ಪಕ್ಕದಲ್ಲಿ ಯಾರೇ ಕೂತರೂ ಅಂಬಲಿಯ ಕಥೆ. ಶಹಾಬಜಾರದ ಕಿರಾಣಿ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆ ಮುಂಜಿವೆಗಳಲ್ಲಿ ಅದೇ ಕಥೆ, ಹೇಳಿದಾಗಲೆಲ್ಲ ಅವರ ಕರುಣೆ ಒಂದು ಗೇಣು ಬೆಳೆಯುತ್ತಿತ್ತು. ಒಂದು ವರ್ಷ ಕಲಬುರಗಿಯಲ್ಲಿ ಶಿಕ್ಷಕರ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿದರು. ಮಕ್ಕಳ ಹಸಿವನ್ನು ಅರಿತ ಗುರು ಎಂದು ಯಾರೋ ಹಾಡಿ ಹೊಗಳಿದರು. ಅವರು ಎದ್ದು ಮಾತಾಡಿದರು. ಒಂದು ದಿನ ಒಬ್ಬ ಬಡ ಬಾಲಿಕೆ ನನ್ನ ಪಾದಗಳ ಮೇಲೆ ಬಿದ್ದಳು, ಅಂದೇ ನನ್ನ ಕರುಳು ಕರಗಿತು ಎಂದು ಕಣ್ಣು ಒರೆಸಿಕೊಂಡರು. ಪಾದಗಳ ಮೇಲೆ ಬಿದ್ದದ್ದು ನಿಜ. ಬಿದ್ದದ್ದು ಬಾಲಿಕೆಯಲ್ಲ.

ಮರುದಿನ ಬಸ್ಸಿನಲ್ಲಿ ನಾನು ಅವರಿಗೆ ಕೇಳುವಂತೆ, ಹಿಂದೆ ಮುಂದೆ ಕೂತವರಿಗೂ ಕೇಳುವಂತೆ, ಸುಣ್ಣದ ನೀರಿನ ವಿಚಾರವನ್ನೂ ಸಭೆಯಲ್ಲಿ ಹೇಳಬೇಕಿತ್ತು ಸರ, ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು. ಆ ತಿಂಗಳು ನನ್ನ ರಜೆಯ ಅರ್ಜಿ ಎರಡು ಸಲ ಮರಳಿ ಬಂತು. ನಿಯಮ ಅಂದ್ರ ನಿಯಮ.

ಅವರು ನಿವೃತ್ತರಾದರು. ನಾನು ಬೇರೆ ಬೇರೆ ಊರಿನ ಶಾಲೆಗಳನ್ನು ಸುತ್ತಿ, ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊತ್ತಿಗೆ ಅದೇ ಕಮಲಾಪುರದ ಶಾಲೆಗೆ ಮುಖ್ಯಸ್ಥಳಾಗಿ ಮರಳಿ ಬಂದೆ. ಹೊಸ ಅಡುಗೆ ಕೋಣೆ ಕಟ್ಟಿದ್ದರು. ಅನ್ನ, ತೊಗರಿ ಬೇಳೆಯ ಸಾರು, ದೊಡ್ಡ ಪಾತ್ರೆಗಳು. ಆ ವರ್ಷವೇ ಅವರು ತೀರಿಕೊಂಡರು. ಓಣಿಯವಳು ಎಂದು ಹೋಗಿ ಬಂದೆ. ಅವರ ಹೆಂಡತಿಯ ಹತ್ತಿರ ಸ್ವಲ್ಪ ಹೊತ್ತು ಕೂತೆ, ಕುಡಿಯಲು ನೀರು ತಂದು ಕೊಟ್ಟೆ. ಆಕೆಯ ಬಗ್ಗೆ ನನಗೆ ದೂರಿಲ್ಲ. ಅಂಗಳದಲ್ಲಿ ಬಂದವರು ಅಂಬಲಿಯ ಕಥೆ ಹೇಳಿಕೊಳ್ಳುತ್ತಿದ್ದರು. ನನಗೆ ಅಳು ಬರಲಿಲ್ಲ. ಬರಿಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಹದಿನೈದು ದಿನಕ್ಕೆ ಹಳೆಯ ಸಹೋದ್ಯೋಗಿಗಳು ನಾಲ್ಕು ಜನ ಸೇರಿ ಅವರ ದೊಡ್ಡ ಫೋಟೋ ಒಂದನ್ನು ಚೌಕಟ್ಟು ಹಾಕಿಸಿ ತಂದರು. ಹೊಸ ಅಡುಗೆ ಕೋಣೆಯಲ್ಲಿ ತೂಗು ಹಾಕಬೇಕು, ಅದಕ್ಕೆ ಅವರ ಹೆಸರಿಡಬೇಕು ಎಂದು ಅವರ ಆಸೆ. ಇಂಥದ್ದನ್ನು ತೀರ್ಮಾನಿಸುವುದು ಈಗ ತಂದೆತಾಯಿಗಳ ಸಮಿತಿ. ಸಭೆ ಕರೆದೆ. ಸಮಿತಿಯಲ್ಲಿ ಒಂದನೆಯ ತರಗತಿಯ ಹುಡುಗಿಯ ತಾಯಿಯೊಬ್ಬಳಿದ್ದಳು. ಹತ್ತನೆಯವರೆಗೂ ಓದಿ, ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆಯ ಅಂಗಡಿ ಇಟ್ಟವಳು. ಹಿಂದೆ ಬಾಳೆನಾರಿನ ಜಡೆ ಹಾಕಿಕೊಂಡು ಬರುತ್ತಿದ್ದವಳು ಅವಳೇ.

ಎಲ್ಲರೂ ತಲೆಯಾಡಿಸಿದರು. ಸತ್ತವರ ಫೋಟೋ ಬೇಡ ಎಂದು ಯಾರು ಹೇಳುತ್ತಾರೆ? ನಾನು ಅವಳ ಕಡೆ ನೋಡಲಿಲ್ಲ. ನೋಡಿದರೆ ನಾನೇ ಹೇಳಿಸಿದಂತೆ ಆಗುತ್ತಿತ್ತು. ಎಲ್ಲರೂ ಮುಗಿಸಿದ ಮೇಲೆ ಅವಳು ದನಿ ಏರಿಸದೆ ಹೇಳಿದಳು.

"ಫೋಟೋ ಹಾಕ್ರಿ, ನಂದೇನಿಲ್ಲ. ಅಡಿಗಿ ಖೋಲ್ಯಾಗ ಬ್ಯಾಡ. ಹಸದು ಬಂದ ಮಕ್ಕಳು ಉಣ್ಣೋ ಮುಂದ ಅವರ ಮಾರಿ ನೋಡಬಾರದು."

ಫೋಟೋ ತಂದವರಲ್ಲಿ ಒಬ್ಬರು, ಅಂಬಲಿ ಕೊಟ್ಟವರೇ ಅವರಲ್ಲವೇನವ್ವ ಎಂದು ಮೆಲ್ಲಗೆ ಕೇಳಿದರು.

"ಆ ಪೋರಿ ನಾನೇ ರೀ," ಅಂದಳು. ಅಷ್ಟೇ. ಮುಂದಿನ ವಿಷಯಕ್ಕೆ ಹೋಗೋಣ ಎಂದು ತನ್ನ ಮಗಳ ತರಗತಿಯ ಸೋರುವ ಹಂಚಿನ ಮಾತು ತೆಗೆದಳು.

ಕೋಣೆಗೆ ಹೆಸರು ಇಡಲಿಲ್ಲ. ಫೋಟೋವನ್ನು ಮರಳಿ ಕಳಿಸುವುದು ಚೆನ್ನಾಗಿರುವುದಿಲ್ಲ ಎಂದು ಆಫೀಸಿನಲ್ಲಿ ಹಾಕಿದರು. ಮೊಳೆ ಹೊಡೆಯಲು ಗಟ್ಟಿ ಗೋಡೆ ಒಂದೇ ಇತ್ತು, ಅದು ನನ್ನ ಕುರ್ಚಿಯ ಎದುರಿನದು. ಹೀಗಾಗಿ ಮುಂಜಾನೆಯಿಂದ ಸಂಜೆಯವರೆಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂಡುತ್ತೇವೆ. ಫೋಟೋದಲ್ಲಿ ಮೀಸೆ ಸ್ವಚ್ಛವಾಗಿದೆ. ಧೂಳು ಕೂತರೆ ಈಗಿನ ಆಯಾ ಒರೆಸುತ್ತಾಳೆ. ನಾನು ಹೇಳುವುದಿಲ್ಲ.

ಮೊನ್ನೆ ಒಬ್ಬ ಹೆಣ್ಣುಮಗಳು ಬಂದು ಆಫೀಸಿನ ಹೊಸ್ತಿಲಲ್ಲಿ ನಿಂತಳು. ಊರಿಗೆ ಹೊಸಬಳು. ಮಗಳಿಗೆ ತೊಗರಿ ಬೇಳೆ ಆಗುವುದಿಲ್ಲವಂತೆ, ಉಂಡರೆ ಮೈಯೆಲ್ಲ ದದ್ದು ಏಳುತ್ತದಂತೆ. ತೊಗರಿಯನ್ನೇ ಬೆಳೆದು ತೊಗರಿಯನ್ನೇ ಉಣ್ಣುವ ನಮ್ಮ ಸೀಮೆಯಲ್ಲಿ ಇದನ್ನು ಹೇಳಲು ಅವಳು ಅಂಜುತ್ತಿದ್ದಳು. ಯಾವ ದವಾಖಾನೆಯಿಂದ ಚೀಟಿ ತರಬೇಕು ಎಂದು ಕೇಳಿದಳು. ಚೀಟಿ ಬೇಡ ಎಂದೆ. ಅಡುಗೆಯವಳನ್ನು ಕರೆದು, ಆ ಮಗುವಿನ ಅನ್ನಕ್ಕೆ ದಿನಾ ಮಜ್ಜಿಗೆ ಹಾಕು, ಇಲ್ಲವೇ ಸಪ್ಪೆ ಪಲ್ಯ ತೆಗೆದಿಡು ಎಂದು ಹೇಳಿದೆ. ಹೆಣ್ಣುಮಗಳು ಕದಲಲಿಲ್ಲ. ಇಷ್ಟು ಸಲೀಸಾಗಿ ಆಗುತ್ತದೆಂದು ಅವಳಿಗೆ ನಂಬಿಕೆ ಬಂದಿರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಗೋಡೆಯ ಕಡೆ ನೋಡಿದಳು.

"ಇವರು ಯಾರ್ರಿ ಮೇಡಂ?"

"ಚೀಟಿ ಕೇಳೋರು," ಅಂದೆ. "ತೀರಿಕೊಂಡಾರ. ನೀ ಹೋಗವ್ವ, ನಿನ ಮಗಳಿಗಿ ಹಸಿವಾಗಿರಬೇಕು."